ದಡ ಮುಟ್ಟಲು ಅಪ್ಪಣೆ ಕೇಳುವ ಹಬ್ಬ

ಮಧ್ಯ ಅಮೆರಿಕದ ಬೆಲೀಜ್ ದೇಶದ ರಾಜಧಾನಿ ಬೆಲ್ಮೊಪಾನ್ ದಾಟಿದ ಮೇಲೆ ಹಮ್ಮಿಂಗ್‌ಬರ್ಡ್ ಹೈವೇ ಗುಡ್ಡಗಳನ್ನು ಬಳಸಿಕೊಂಡು ಸಮುದ್ರದ ಕಡೆ ಇಳಿಯುತ್ತದೆ. ಮೊದಲು ಕಾಡು, ಆಮೇಲೆ ಮೈಲಿಗಟ್ಟಲೆ ಕಿತ್ತಳೆ ತೋಟ. ಬೆಲೀಜ್‌ನಲ್ಲಿ ಊರಿಂದೂರಿಗೆ ಓಡುವ ಬಸ್ಸುಗಳಲ್ಲಿ ಬಹಳಷ್ಟು ಅಮೆರಿಕದ ಹಳೇ ಶಾಲಾ ಬಸ್ಸುಗಳು. ನವೆಂಬರ್ 18ರ ಆ ಮಧ್ಯಾಹ್ನ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡವರ ತೊಡೆ ಮೇಲೆ ಮಕ್ಕಳು, ಮಕ್ಕಳ ತೊಡೆ ಮೇಲೆ ಚೀಲಗಳು. ಪಕ್ಕದಲ್ಲಿದ್ದ ಹೆಂಗಸು ಲಾಸ್ ಏಂಜಲೀಸ್‌ನಿಂದ ಬಂದಿದ್ದರು. "ಕ್ರಿಸ್‌ಮಸ್‌ಗೆ ಬರೋದು ತಪ್ಪಿದ್ರೂ ತಪ್ಪೀತು, ಹತ್ತೊಂಬತ್ತಕ್ಕೆ ಮಾತ್ರ ಊರಲ್ಲಿ ಇರಲೇಬೇಕು" ಅಂದರು.

ಹತ್ತೊಂಬತ್ತು ಅಂದರೆ ಗರಿಫುನಾ ಸೆಟ್ಲ್‌ಮೆಂಟ್ ಡೇ. ಗರಿಫುನಾ ಜನರ ಹಿರಿಯರು ದೋಣಿಗಳಲ್ಲಿ ಈ ತೀರಕ್ಕೆ ಬಂದಿಳಿದ ದಿನ. ಹ್ಯೂಸ್ಟನ್‌ನ ತಂಗಿ ಮನೆಗೆ ಹೋಗಿದ್ದ ನಾನು ಈ ಹಬ್ಬಕ್ಕೆಂದೇ ಬೆಲೀಜ್‌ಗೆ ವಿಮಾನ ಹತ್ತಿದ್ದೆ. ನಮ್ಮೂರು ಯಲ್ಲಾಪುರದ ಕಡೆ. ಅಲ್ಲಿನ ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ಡೋಲಿನ ಸದ್ದು ಕೇಳಿಕೊಂಡೇ ಬೆಳೆದವಳು. ಆಫ್ರಿಕಾದ ಬೇರಿನ ಜನ ಲೋಕದ ಇನ್ನೊಂದು ತುದಿಯಲ್ಲಿ ಹೇಗೆ ಬಾಳುತ್ತಿದ್ದಾರೆ, ಏನನ್ನು ಉಳಿಸಿಕೊಂಡಿದ್ದಾರೆ ಅನ್ನೋ ಕುತೂಹಲ ನನಗೆ ಬಹಳ ಹಿಂದಿನದು.

ಹಬ್ಬ ನಡೆಯುವ ಕಡಲತೀರದ ಊರು ಡಾಂಗ್ರಿಗಾದಲ್ಲಿ ಒಬ್ಬ ಅಜ್ಜಿಯ ಮನೆಯ ಮಹಡಿ ಕೋಣೆ ಸಿಕ್ಕಿತು. ಚೀಲ ಇಟ್ಟು ಕೆಳಗೆ ಬಂದರೆ ಹಿತ್ತಲಲ್ಲಿ ಇಬ್ಬರು ಹುಡುಗಿಯರು ದೊಡ್ಡ ಮರದ ಒರಳಿಗೆ ಬೆಂದ ಬಾಳೆಕಾಯಿ ಹಾಕಿ ಕುಟ್ಟುತ್ತಿದ್ದರು. ಕಾಯಿ ಜಾಸ್ತಿ, ಹಣ್ಣಾದದ್ದು ಸ್ವಲ್ಪ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುತ್ತದೆ. ಅಂಟದ ಹಾಗೆ ಆಗಾಗ ನೀರು ಚಿಮುಕಿಸುತ್ತಾರೆ. ಕುಟ್ಟಿ ಕುಟ್ಟಿ ಕೊನೆಗೆ ಅದು ನಮ್ಮ ರಾಗಿಮುದ್ದೆಯ ಹದಕ್ಕೆ ಬಂತು. ಒಲೆ ಮೇಲೆ ತೆಂಗಿನ ಹಾಲಿನಲ್ಲಿ ಮೀನು ಕುದಿಯುತ್ತಿತ್ತು. ಆ ಸಾರಿಗೆ ಈ ಮುದ್ದೆ ಅದ್ದಿಕೊಂಡು ತಿನ್ನುವುದೇ ಹುದುತ್. "ತಿನ್ನೋ ಕೈ ಕುಟ್ಟಲೂಬೇಕು ಮಗಳೇ" ಅಂತ ಅಜ್ಜಿ ನನಗೂ ಒಂದು ಒನಕೆ ಕೊಟ್ಟರು. ತೋಳು ಸೋತು ಬಂದರೂ ಆ ತಾಳ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಪಕ್ಕದ ಮನೆಯಲ್ಲಿ ಎರೆಬಾ ನಡೆದಿತ್ತು. ಎರೆಬಾ ಅಂದರೆ ಮರಗೆಣಸಿನ ರೊಟ್ಟಿ. ಅದಕ್ಕೆ ಬಳಸುವ ಕಹಿ ಗೆಣಸಿನ ರಸದಲ್ಲಿ ಸಯನೈಡ್ ವಿಷ ಇರುತ್ತದೆ. ಹಾಗಾಗಿ ಸಿಪ್ಪೆ ತೆಗೆದು, ಚೂಪು ಕಲ್ಲು ಕೂರಿಸಿದ ಹಲಗೆ ಮೇಲೆ ತುರಿದು, ರುಗುಮಾ ಅನ್ನೋ ಉದ್ದನೆಯ ಹೆಣೆದ ಚೀಲಕ್ಕೆ ತುಂಬುತ್ತಾರೆ. ಅದನ್ನು ಮರಕ್ಕೆ ನೇತುಹಾಕಿ, ಕೆಳಗಿನ ಕುಣಿಕೆಗೆ ಕೋಲು ಸಿಕ್ಕಿಸಿ, ಕೋಲಿನ ಮೇಲೆ ಭಾರ ಹಾಕಿ ಎಳೆಯುತ್ತಾರೆ. ಎಳೆದ ಹಾಗೆ ಚೀಲ ಸಣ್ಣಗಾಗುತ್ತದೆ, ರಸವೆಲ್ಲ ಹಿಂಡಿ ಸುರಿಯುತ್ತದೆ. ಆಮೇಲೆ ಒಣಗಿಸಬೇಕು, ಜರಡಿ ಹಿಡಿಯಬೇಕು, ದೊಡ್ಡ ಕಬ್ಬಿಣದ ಕಾವಲಿ ಮೇಲೆ ತೆಳ್ಳಗೆ ಹರಡಿ ಸುಡಬೇಕು. ಒಬ್ಬಳ ಕೈಯಲ್ಲಿ ಆಗುವ ಕೆಲಸ ಅಲ್ಲವೇ ಅಲ್ಲ. ತುರಿಯುವವರು ಹಾಡಿಕೊಂಡು ತುರಿಯುತ್ತಾರೆ, ಬೀದಿಯ ಅರ್ಧ ಹೆಂಗಸರು ಅಲ್ಲೇ ಇರುತ್ತಾರೆ. ಗರಿಫುನಾ ಜನರಲ್ಲಿ 'ನಾನು ನಿನಗೆ, ನೀನು ನನಗೆ' ಅನ್ನೋ ಮಾತು ಬಹಳ ಬಳಕೆಯಲ್ಲಿದೆ. ನಾಳೆ ನನ್ನ ಮನೆ ರೊಟ್ಟಿಗೆ ನೀನು ಬರುತ್ತೀ ಅನ್ನೋ ನಂಬಿಕೆಯಿಂದಲೇ ಆ ಹಿತ್ತಲು ನಡೆಯುತ್ತಿತ್ತು.

ರಾತ್ರಿ ಊರು ಮಲಗಲಿಲ್ಲ. ಬೀದಿ ಬೀದಿಯಲ್ಲಿ ಡೋಲು. ಒಂದೇ ಮರದ ಬೊಡ್ಡೆ ಕೊರೆದು ಮಾಡಿದ ಡೋಲಿಗೆ ಚರ್ಮ ಬಿಗಿದು, ಅದರ ಮೇಲೆ ಗಿಟಾರ್ ತಂತಿ ಹಾಯಿಸಿರುತ್ತಾರೆ. ಬಡಿದಾಗ ಒಂದು ಗುಂಯ್‌ಗುಡುವ ಸದ್ದೂ ಸೇರಿ ಬರುತ್ತದೆ. ದೊಡ್ಡದು ಸೆಗುಂದಾ, ಅದು ತಾಳ ಬಿಡದೆ ಹಿಡಿದಿರುತ್ತದೆ. ಚಿಕ್ಕದು ಪ್ರಿಮೇರಾ, ಅದರ ಮೇಲೆ ಆಟವಾಡುತ್ತದೆ. ಕುಣಿತ ಪುಂಟಾ. ಪಾದ ನೆಲ ಬಿಡುವುದಿಲ್ಲ, ಸೊಂಟ ನಿಲ್ಲುವುದಿಲ್ಲ. ಇಷ್ಟು ಹುರುಪಿನ ಕುಣಿತಕ್ಕೆ ಮೂಲದ ಜಾಗ ಸಾವಿನ ಮನೆ. ಸತ್ತವರನ್ನು ಕಳಿಸಿಕೊಡುವ ರಾತ್ರಿ ಜಾಗರಣೆಯಲ್ಲಿ ಇವತ್ತಿಗೂ ಪುಂಟಾ ಕುಣಿಯುತ್ತಾರೆ. ಇದೇ ಊರಿನ ಚಿತ್ರಕಲಾವಿದ ಪೆನ್ ಕಾಯೆಟಾನೊ 1980ರ ಆಸುಪಾಸಿನಲ್ಲಿ ಇದಕ್ಕೆ ಆಮೆ ಚಿಪ್ಪಿನ ವಾದ್ಯ, ಎಲೆಕ್ಟ್ರಿಕ್ ಗಿಟಾರ್ ಸೇರಿಸಿ ಪುಂಟಾ ರಾಕ್ ಹುಟ್ಟಿಸಿದರು. ಹಳೇ ಹಾಡು ಅಂತ ದೂರ ಸರಿಯುತ್ತಿದ್ದ ಹುಡುಗರು ಮತ್ತೆ ಗರಿಫುನಾ ಭಾಷೆಯಲ್ಲಿ ಹಾಡತೊಡಗಿದರು. ನನಗಂತೂ ಹಳೇ ಡೋಲುಗಳೇ ಹೆಚ್ಚು ಹಿಡಿಸಿದವು.

ಬೆಳಗಿನ ಜಾವ ಎಲ್ಲರ ಜೊತೆ ನದಿಗೆ ಹೋದೆ. ಹನಿ ಮಳೆ. ಸೇತುವೆ ಮೇಲೆ, ಎರಡೂ ದಡದ ಮೇಲೆ ಜನವೋ ಜನ. ಚೌಕಳಿ ಬಟ್ಟೆಯ ಲಂಗ, ತಲೆಗೆ ಕಟ್ಟಿದ ವಸ್ತ್ರ, ಕೈಯಲ್ಲಿ ಹಳದಿ ಬಿಳಿ ಕಪ್ಪು ಬಾವುಟ. ಸಮುದ್ರದ ಕಡೆಯಿಂದ ದೋಣಿಗಳು ಬಂದವು. ತೆಂಗಿನ ಗರಿ, ಮರಗೆಣಸಿನ ಕಡ್ಡಿ, ಬಾಳೆಕಂದು, ಪಾತ್ರೆ, ಡೋಲು, ಎಲ್ಲ ತುಂಬಿಕೊಂಡು. ದಡದಲ್ಲಿ ಬ್ರಿಟಿಷ್ ಅಧಿಕಾರಿಯ ವೇಷದವನು ನಿಂತಿದ್ದ. ದೋಣಿಯಿಂದ ಇಳಿಯಲು ಅಪ್ಪಣೆ ಕೇಳುತ್ತಾರೆ. ಅವನು ಆಗಲ್ಲ ಅನ್ನುತ್ತಾನೆ. ದೋಣಿ ತಿರುಗಿ ಹೋಗಿ ಮತ್ತೆ ಬರುತ್ತದೆ. ಮತ್ತೆ ಇಲ್ಲ. ನನ್ನ ಪಕ್ಕ ನಿಂತಿದ್ದ ಅಜ್ಜಿಗೆ ಇದು ಆಟ ಅಂತ ಗೊತ್ತಿತ್ತು, ವರ್ಷ ವರ್ಷ ನೋಡಿದ್ದರು. ಆದರೂ ಕಣ್ಣಲ್ಲಿ ನೀರು. ಕೊನೆಗೆ ಅಪ್ಪಣೆ ಸಿಕ್ಕಾಗ ಡೋಲುಗಳೆಲ್ಲ ಒಟ್ಟಿಗೆ ಎದ್ದವು.

ಈ ಆಟದ ಹೆಸರು ಯುರುಮೇನ್. ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪವನ್ನು ಅವರು ಕರೆಯುವುದೂ ಹಾಗೇ. ಆ ದ್ವೀಪದ ಮೂಲನಿವಾಸಿಗಳು ಮತ್ತು ಗುಲಾಮರ ಹಡಗುಗಳಿಂದ ತಪ್ಪಿಸಿಕೊಂಡ ಆಫ್ರಿಕನ್ನರು ಕೂಡಿ ಬಾಳಿ ಹುಟ್ಟಿದ ಜನ ಇವರು. ಬ್ರಿಟಿಷರು ಕಬ್ಬಿನ ತೋಟಕ್ಕೆ ನೆಲ ಬೇಕು ಅಂತ ಬಂದಾಗ ಕಾದಾಡಿದರು. ನಾಯಕ ಜೋಸೆಫ್ ಚಟೋಯರ್ 1795ರಲ್ಲಿ ಸತ್ತ. ಸೆರೆ ಸಿಕ್ಕ ಸಾವಿರಾರು ಜನರನ್ನು ಬಲಿಸೋ ಎಂಬ ಸಣ್ಣ ದ್ವೀಪದಲ್ಲಿ ಕೂಡಿಹಾಕಿದರು. ಅಲ್ಲಿ ಸುಮಾರು ಅರ್ಧದಷ್ಟು ಜನ ರೋಗ, ಹಸಿವಿನಿಂದ ಸತ್ತರು. ಉಳಿದವರನ್ನು 1797ರಲ್ಲಿ ಹೊಂಡುರಾಸ್ ಬಳಿಯ ರೋವಾಟಾನ್ ದ್ವೀಪದಲ್ಲಿ ಇಳಿಸಿ ಹೋದರು. ಅಲ್ಲಿಂದ ತೀರ ಹಿಡಿದು ಹರಡಿದರು. ಬೆಲೀಜ್‌ಗೆ ಕೆಲವರು ಮೊದಲೇ ಬಂದಿದ್ದರು. ದೊಡ್ಡ ಗುಂಪು ಬಂದಿಳಿದದ್ದು 1832ರ ನವೆಂಬರ್ 19ಕ್ಕೆ.

ದಡದಿಂದ ಮೆರವಣಿಗೆ ಸೇಕ್ರೆಡ್ ಹಾರ್ಟ್ ಚರ್ಚಿಗೆ ಹೋಯಿತು. ಗರಿಫುನಾ ಭಾಷೆಯಲ್ಲೇ ಭಜನೆ, ಒಳಗೂ ಡೋಲು. ಕೂರಲು ಜಾಗ ಸಿಗಲಿಲ್ಲ, ಬಾಗಿಲ ಬಳಿ ನಿಂತೇ ಕೇಳಿದೆ.

ಹಬ್ಬ ತಾನಾಗಿಯೇ ಹುಟ್ಟಿದ್ದಲ್ಲ. ಥಾಮಸ್ ವಿನ್ಸೆಂಟ್ ರಾಮೋಸ್ ಎಂಬ ಶಾಲಾ ಮೇಷ್ಟ್ರು ತಮ್ಮ ಜನರನ್ನು ಕೀಳಾಗಿ ಕಾಣುವುದನ್ನು ನೋಡಿ ನೊಂದಿದ್ದರು. ಅವರ ಹಟದಿಂದ 1941ರಲ್ಲಿ ಇಲ್ಲೇ ಮೊದಲ ಆಚರಣೆ ನಡೆಯಿತು. 1943ರಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಜೆ ಸಿಕ್ಕಿತು, 1977ರಲ್ಲಿ ಇಡೀ ದೇಶಕ್ಕೆ. ಬೆಲೀಜ್ ಸ್ವತಂತ್ರ ಆಗಿದ್ದೇ 1981ರಲ್ಲಿ. ಅದಕ್ಕೂ ಮುಂಚೆ ಈ ಜನ ತಮ್ಮ ದಿನವನ್ನು ಗಳಿಸಿಕೊಂಡಿದ್ದರು. ನಮ್ಮ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರದೇ ಇಂಥ ಒಂದು ದಿನಕ್ಕೆ ಇಡೀ ಕರ್ನಾಟಕ ರಜೆ ಹಾಕಿ ಯಲ್ಲಾಪುರಕ್ಕೆ ಬಂದರೆ ಎಷ್ಟು ಚೆಂದ ಅಲ್ವಾ?

ಹೋಗುವ ಆಸೆ ಇದ್ದವರು ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಿರಿ. ಹಿಂದಿನ ರಾತ್ರಿಯ ಡೋಲು ಬಿಡಬೇಡಿ. ಊರಲ್ಲೇ ಇರುವ ಗುಲಿಸಿ ಮ್ಯೂಸಿಯಂ ನೋಡಿದರೆ ಈ ಕಥೆ ಇನ್ನಷ್ಟು ತಿಳಿಯುತ್ತದೆ. ಒಂದು ಕಟ್ಟು ಎರೆಬಾ ಕಟ್ಟಿಸಿಕೊಳ್ಳಿ, ಒಣಗಿದ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹ್ಯೂಸ್ಟನ್‌ನಲ್ಲಿ ತಂಗಿ ಅದನ್ನು ತೆಂಗಿನಕಾಯಿ ಚಟ್ನಿ ಜೊತೆ ತಿಂದು, ಮುಂದಿನ ನವೆಂಬರ್‌ಗೆ ತಾನೂ ಬರುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದಾಳೆ.