ಅಮೆರಿಕದ ಚೀತಾ ಚೀತಾನೇ ಅಲ್ಲ

'ಅಮೆರಿಕನ್ ಚೀತಾ' ಅಂತ ಹೆಸರು ಕೇಳಿ, ಇದು ಆಫ್ರಿಕಾದ ಚೀತಾಗೆ ಅಣ್ಣನೋ ತಮ್ಮನೋ ಇರಬೇಕು ಅಂತ ನಾನು ವರ್ಷಗಟ್ಟಲೆ ನಂಬಿಕೊಂಡಿದ್ದೆ. (ಚಿರತೆ ಅಲ್ಲ, ಚೀತಾ. ಇವೆರಡನ್ನೂ ಒಂದೇ ಅನ್ನುವವರ ಜೊತೆ ಜಗಳ ಇನ್ನೊಂದು ದಿನ.)

ವಿಜ್ಞಾನಿಗಳು ಇದನ್ನು ಮಿರಾಸಿನೋನಿಕ್ಸ್ ಅನ್ನುತ್ತಾರೆ. ಉತ್ತರ ಅಮೆರಿಕದಲ್ಲಿ ಹಿಮಯುಗದ ಕೊನೆಯವರೆಗೂ ಇತ್ತು. ಚಿಕ್ಕ ತಲೆ, ಗಿಡ್ಡ ಮೂತಿ, ಉದ್ದನೆಯ ಸಣಕಲು ಕಾಲು. ಮೂಗಿನ ದಾರಿ ಮಾತ್ರ ಅಗಲ, ಓಡುವಾಗ ಉಸಿರು ಜಾಸ್ತಿ ಬೇಕಲ್ವಾ. ಮೂಳೆ ನೋಡಿದವರು ಚೀತಾ ಅಂದುಕೊಂಡಿದ್ದು ಅವರ ತಪ್ಪೇನಲ್ಲ. 1979ರಲ್ಲಿ ಡೇನಿಯಲ್ ಆಡಮ್ಸ್ ಅನ್ನುವವರಂತೂ ಚೀತಾದ ತವರೇ ಅಮೆರಿಕ ಅಂತ ವಾದಿಸಿದ್ದರು.

2005ರಲ್ಲಿ ಹಳೇ ಮೂಳೆಯಿಂದ ಡಿಎನ್‌ಎ ತೆಗೆದು ನೋಡಿದರೆ ಕಥೆಯೇ ಬೇರೆ. ಇದಕ್ಕೆ ಎಲ್ಲರಿಗಿಂತ ಹತ್ತಿರದ ಸಂಬಂಧಿ ಪ್ಯೂಮಾ! ಅದೇ, ಕೂಗರ್, ಮೌಂಟನ್ ಲಯನ್ ಅಂತೆಲ್ಲ ಕರೆಸಿಕೊಳ್ಳುವ, ಘರ್ಜಿಸೋಕೆ ಬಾರದೆ ಮನೆ ಬೆಕ್ಕಿನ ಹಾಗೆ ಗುರ್‌ಗುಟ್ಟುವ ಪ್ರಾಣಿ. ಚೀತಾನೂ ಇದೇ ವಂಶದ್ದೇ, ಆದರೆ ಸ್ವಲ್ಪ ದೂರದ ನೆಂಟ. ಜಾಗ್ವಾರುಂಡಿ ಅಂತ ಇನ್ನೊಂದಿದೆ, ಮನೆ ಬೆಕ್ಕಿಗಿಂತ ಕೊಂಚ ದೊಡ್ಡದು, ನೋಡೋಕೆ ನೀರುನಾಯಿ ಥರ. ಇವೆಲ್ಲ ಒಂದೇ ಮನೆಯವು ಅಂದರೆ ನಂಬೋಕೆ ಕಷ್ಟ.

ಹಾಗಾದರೆ ಆ ಚೀತಾ ರೂಪ ಬಂದಿದ್ದು ಎಲ್ಲಿಂದ? ಓಡಿ ಓಡಿ. ಬಯಲಲ್ಲಿ ವೇಗದ ಬೇಟೆಯನ್ನು ಅಟ್ಟಿಸಿಕೊಂಡು ಹೋಗಬೇಕಾದರೆ ಮೈ ಹೆಚ್ಚುಕಮ್ಮಿ ಹೀಗೇ ಇರಬೇಕು, ಆಫ್ರಿಕಾದಲ್ಲಾದರೂ ಸರಿ, ಅಮೆರಿಕದಲ್ಲಾದರೂ ಸರಿ. ಆದರೆ ಗ್ರ್ಯಾಂಡ್ ಕ್ಯಾನ್ಯನ್ ಅನ್ನುವ ಕಡಿದಾದ ಬಂಡೆಗಳ ಕಣಿವೆಯ ಗುಹೆಗಳಲ್ಲೂ ಇದರ ಮೂಳೆ ಸಿಕ್ಕಿರುವುದರಿಂದ, ಬಂಡೆ ಹತ್ತಿ ಬೇಟೆಯಾಡುವುದೂ ಗೊತ್ತಿತ್ತೇನೋ ಅಂತ ಈಗ ಹೇಳುತ್ತಿದ್ದಾರೆ.

ನನ್ನ ತಲೆಯಲ್ಲಿ ಉಳಿದಿರುವುದು ವಯೋಮಿಂಗ್‌ನ ನ್ಯಾಚುರಲ್ ಟ್ರ್ಯಾಪ್ ಕೇವ್. ಹೆಸರಿಗೆ ಗುಹೆ, ನಿಜಕ್ಕೂ ನೆಲದಲ್ಲಿ ಬಾಯ್ತೆರೆದ ಗುಂಡಿ, ಸುಮಾರು 25 ಮೀಟರ್ ಆಳ. ಹತ್ತಿರ ಹೋಗುವವರೆಗೂ ಕಾಣುವುದೇ ಇಲ್ಲ. ಕುದುರೆ, ತೋಳ, ಈ ಬೆಕ್ಕು, ಎಲ್ಲವೂ ಒಂದೊಂದಾಗಿ ಬಿದ್ದಿವೆ. ಬಿದ್ದ ಮೇಲೆ ಮೇಲಕ್ಕೆ ಬರುವ ದಾರಿಯಿಲ್ಲ. ಒಳಗೆ ಸದಾ ಥಂಡಿ, ಹಾಗಾಗಿ ಮೂಳೆ ಚೆನ್ನಾಗಿ ಉಳಿದಿವೆ.

ಅಮೆರಿಕದ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಅನ್ನುವ ಪ್ರಾಣಿ ಈಗಲೂ ಗಂಟೆಗೆ 80 ಕಿ.ಮೀ. ಮೀರಿ ಓಡುತ್ತದೆ. ಅಷ್ಟು ವೇಗ ಯಾಕೆ ಬೇಕು ಹೇಳಿ? ಅಲ್ಲಿನ ತೋಳಗಳಿಂದ ತಪ್ಪಿಸಿಕೊಳ್ಳೋಕೆ ಅಷ್ಟೊಂದು ಬೇಕಿಲ್ಲ. ಜಾನ್ ಬೈಯರ್ಸ್ ಅನ್ನುವ ವಿಜ್ಞಾನಿಯ ಪ್ರಕಾರ, ಎಂದೋ ಅಳಿದುಹೋದ ಇಂಥ ಬೇಟೆಗಾರರಿಂದ ತಪ್ಪಿಸಿಕೊಳ್ಳಲು ಬಂದ ಓಟ ಅದು.

ಅಂದ ಹಾಗೆ, ನೋಡೋಕೆ ಜಿಂಕೆಯ ಹಾಗಿದ್ದರೂ ಪ್ರಾಂಗ್‌ಹಾರ್ನ್ ಜಿಂಕೆಯಲ್ಲ. ಅದರ ಹತ್ತಿರದ ನೆಂಟ ಜಿರಾಫೆಯಂತೆ!