“ದಾರಿಯಲ್ಲಿ ಕೈ ಕೊಡಲ್ವಾ?” ಅಂತ ಕೇಳುವವರಿಗೆ

ನನ್ನದು 1997ರ ಮಾರುತಿ 800. ಶಿವಮೊಗ್ಗದಲ್ಲಿ ಎಲ್ಲಿ ನಿಲ್ಲಿಸಿದರೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಇಷ್ಟು ಹಳೇ ಗಾಡಿ, ದಾರಿಯಲ್ಲಿ ಕೈ ಕೊಡಲ್ವಾ?” ಇಲ್ಲ, ಕೊಡಲ್ಲ. ನೋಡಿಕೊಳ್ಳದಿದ್ದರೆ ಹೋದ ವರ್ಷ ತಗೊಂಡ ಗಾಡಿಯೂ ಕೊಡುತ್ತೆ.

ಪ್ರಶ್ನೆಗಿಂತ ಕೇಳುವ ಧಾಟಿಗೇ ನನಗೆ ಸಿಟ್ಟು ಬರುವುದು. ತೀರ್ಥಹಳ್ಳಿ ಕಡೆ ಒಂದು ಮದುವೆ. ಊಟ ಮುಗಿಸಿ ಬಂದರೆ ಹೊರಗೆ ಜಡಿಮಳೆ. ಗಾಡಿ ಸ್ಟಾರ್ಟ್ ಆಯಿತು, ಆದರೆ ಮಿಸ್ಸಿಂಗ್ ಹೊಡೆಯತೊಡಗಿತು, ಅಂದರೆ ಇಂಜಿನ್ ತಡೆದು ತಡೆದು ಓಡತೊಡಗಿತು. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ನೆಂಟರೊಬ್ಬರು, “ಮಾರಾಯ್ರೇ, ಅದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಿ” ಅಂದರು. ಅಷ್ಟೂ ಜನರ ಮುಂದೆ! ನಾನು ಇಂಜಿನ್ ಆಫ್ ಮಾಡಿ ಬಾನೆಟ್ ಎತ್ತಿದೆ. ಡಿಸ್ಟ್ರಿಬ್ಯೂಟರ್ ಅಂದರೆ ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ. ಅದರ ಕ್ಯಾಪ್ ಬಿಚ್ಚಿದರೆ ಒಳಗೋಡೆಯ ಮೇಲೆ ಸಣ್ಣ ಸಣ್ಣ ನೀರಹನಿ. ತೇವ ಇದ್ದರೆ ಕರೆಂಟ್ ಪ್ಲಗ್‌ವರೆಗೆ ಹೋಗದೆ ಅಲ್ಲೇ ಸೋರಿಹೋಗುತ್ತೆ. ಒಣಬಟ್ಟೆಯಲ್ಲಿ ಕ್ಯಾಪ್ ಒರೆಸಿದೆ, ಪ್ಲಗ್ ವೈರುಗಳನ್ನೂ ಒರೆಸಿ ಕೂರಿಸಿದೆ. ಮೂರೂ ಸಿಲಿಂಡರ್ ಸರಿಯಾಗಿ ಹೊಡೆಯತೊಡಗಿದವು. ಆ ನೆಂಟರನ್ನೇ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ದಾರಿಯುದ್ದಕ್ಕೂ ಮೈಲೇಜ್ ಕೇಳಿದರು. ಬ್ರೇಕ್ ಬಗ್ಗೆ ಒಂದು ಮಾತು ಕೇಳಲಿಲ್ಲ.

“ಘಾಟಿ ಇಳಿಯುವಾಗ ಬ್ರೇಕ್ ಹೇಗಿರುತ್ತೆ?” ಇದನ್ನಲ್ವಾ ಕೇಳಬೇಕಾದ್ದು? ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದ ಕಡೆ ಇಳಿಯುವಾಗ ಬ್ರೇಕ್ ತುಳಿದುಕೊಂಡೇ ಹೋದರೆ ಅದು ಕಾಯುತ್ತೆ. ಆ ಬಿಸಿ ಬ್ರೇಕ್ ಆಯಿಲ್‌ಗೂ ತಗಲುತ್ತೆ. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ? ನೀರು ಸೇರಿದ ಆಯಿಲ್ ಬೇಗ ಕುದಿಯುತ್ತೆ, ಪೈಪಿನೊಳಗೆ ಗುಳ್ಳೆ ಏಳುತ್ತೆ. ಆಗ ಪೆಡಲ್ ಒತ್ತಿದರೆ ಗುಳ್ಳೆ ಅಮುಕುತ್ತೆ ಅಷ್ಟೇ, ಚಕ್ರ ಹಿಡಿಯಲ್ಲ. ಡಬ್ಬಿಯಲ್ಲಿ ಆಯಿಲ್ ತುಂಬಿದೆಯಲ್ಲ ಅಂತ ಸುಮ್ಮನಿರಬಾರದು. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಸಿ ಹೊಸದು ಹಾಕಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಏರ್ ತೆಗೆಸಬೇಕು. ನನ್ನ ಗಾಡಿಗೆ ಹಾಕುವುದು ಡಾಟ್ 3 ದರ್ಜೆಯ ಬ್ರೇಕ್ ಆಯಿಲ್. ಇಳಿಯುವಾಗ ಸೆಕೆಂಡ್ ಗೇರ್, ವೇಗವನ್ನು ಇಂಜಿನ್ನೇ ಹಿಡಿದಿಡುತ್ತೆ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಇಂಜಿನ್ ಆಫ್ ಮಾಡಿ ಇಳಿಸುವವರೂ ಇದ್ದಾರೆ! ಪೆಡಲ್ ಒತ್ತುವ ಕಾಲಿಗೆ ನೆರವಾಗುವ ಬ್ರೇಕ್ ಬೂಸ್ಟರ್‌ಗೆ ಬಲ ಬರುವುದೇ ಇಂಜಿನ್‌ನಿಂದ. ಅದು ನಿಂತರೆ ಸ್ವಲ್ಪದರಲ್ಲೇ ಪೆಡಲ್ ಕಲ್ಲಾಗುತ್ತೆ.

ಉಳಿದದ್ದು ದೊಡ್ಡ ವಿದ್ಯೆ ಅಲ್ಲ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡರೆ ವೈರ್ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿ. ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ನೋಡುವುದು ಇಂಜಿನ್ ತಣ್ಣಗಿದ್ದಾಗ ಮಾತ್ರ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ. ಮಳೆಗಾಲಕ್ಕೆ ಮುಂಚೆ ಬಾಗಿಲ ಅಡಿಯಲ್ಲಿರುವ ಸಣ್ಣ ತೂತುಗಳಿಗೆ ಕಡ್ಡಿ ಹಾಕಿ ಮಣ್ಣು ತೆಗೆಯಿರಿ. ನೀರು ಒಳಗೇ ನಿಂತರೆ ತುಕ್ಕು ಅಲ್ಲಿಂದಲೇ ಶುರು. ಬಾನೆಟ್ ಒಳಗೆ ಇಲಿ ಹಿಕ್ಕೆ ಕಂಡರೆ ವೈರುಗಳನ್ನು ಒಂದೊಂದಾಗಿ ನೋಡಿ.

ಇನ್ನು “ಮಾರ್ತೀರಾ?” ಅನ್ನುವವರಿಗೆ. 15 ವರ್ಷ ದಾಟಿದ ಗಾಡಿಯನ್ನು 5 ವರ್ಷಕ್ಕೊಮ್ಮೆ ಆರ್‌ಟಿಒಗೆ ತೋರಿಸಿ ನೋಂದಣಿ ಮುಂದುವರಿಸಬೇಕು. ನನ್ನದಕ್ಕೆ ಮುಂದಿನ ಸರದಿ 2027ಕ್ಕೆ. ಮಾಡಿಸುತ್ತೇನೆ.