ಎರಡನೇ ದನಿ

ಕಳೆದ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಕೆಳಗಿನ ಮನೆಯ ಟೀಚರ್ ಬಂದು ಬಾಗಿಲು ತಟ್ಟಿದರು. ಎದೆಗೆ ಅವಚಿಕೊಂಡ ಐದು ಎಲ್‌ಪಿ ರೆಕಾರ್ಡುಗಳು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಫಾರೆಸ್ಟ್ ಹಿಲ್ಸ್‌ನ ಈ ಹಳೇ ಕಟ್ಟಡಕ್ಕೆ ನಾವು ಬಂದಾಗಿನಿಂದ ಅವರು ನಮ್ಮ ಕೆಳಗೇ ಇದ್ದವರು. ನಿವೃತ್ತ ಶಾಲಾ ಶಿಕ್ಷಕಿ, ಒಂಟಿ ಜೀವ, ವಯಸ್ಸು ಎಪ್ಪತ್ತೇಳು. ಮಂಡಿನೋವು ಹೆಚ್ಚಾಗಿ ಮಗಳ ಊರಿಗೆ ಹೊರಟಿದ್ದರು. ಸಾಮಾನು ಸಾಗಿಸುವ ಲಾರಿ ಮರುದಿನ ಬೆಳಿಗ್ಗೆ ಬರುವುದಿತ್ತು.

"ಸೈಮನ್ ಅಂಡ್ ಗಾರ್ಫಂಕೆಲ್ ಮಾಡಿದ ಐದೂ ಆಲ್ಬಂ ಇಲ್ಲಿದೆ. ಒಂದು ನಿನಗೆ. ನಾಲ್ಕು ನನ್ನ ಜೊತೆ ಬರುತ್ತವೆ. ರಾತ್ರಿ ಊಟದ ಹೊತ್ತಿಗೆ ಯಾವುದು ಅಂತ ಹೇಳು," ಅಂದರು.

ಅರವತ್ತರ ದಶಕದ ಅಮೆರಿಕದ ಜೋಡಿ ಹಾಡುಗಾರರು ಅವರು, ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕೆಲ್. ಯಾಕೆ ನನಗೆ ಅಂದೆ. ಬೆಳಿಗ್ಗೆ ಹೊತ್ತು ನಾನು ಹಾಡಿಕೊಳ್ಳುವುದು ಹೀಟರಿನ ಪೈಪಿನ ಸಂದಿಯಿಂದ ಅವರ ಅಡುಗೆಮನೆಗೆ ಇಳಿಯುತ್ತದಂತೆ. ಹನ್ನೊಂದು ವರ್ಷದಿಂದ ಕೇಳುತ್ತಿದ್ದಾರಂತೆ. ನನಗೆ ಗೊತ್ತೇ ಇರಲಿಲ್ಲ. ನಾನು ಯಾರ ಮುಂದೆಯೂ ಹಾಡುವವಳಲ್ಲ. ಫ್ಲಶಿಂಗ್ ಗಣೇಶನ ಗುಡಿಯಲ್ಲಿ ನವರಾತ್ರಿಗೆ ಕರೆದರೂ "ಒಬ್ಬಳೇ ಬರಲ್ಲ ರೀ" ಅಂತ ತಪ್ಪಿಸಿಕೊಳ್ಳುತ್ತೇನೆ.

ಒಬ್ಬಳೇ ಅನ್ನುವುದು ನೆಪವಲ್ಲ. ನಾನು ಕಲಿತದ್ದೇ ಜೋಡಿಯಲ್ಲಿ. ಮೈಸೂರಿನ ಕುವೆಂಪುನಗರದಲ್ಲಿ ಅಕ್ಕ, ನಾನು ಒಟ್ಟಿಗೆ ಒಂದೇ ಮೇಷ್ಟ್ರ ಹತ್ತಿರ ಪಾಠಕ್ಕೆ ಕೂತವರು. ಗಣಪತಿ ಪೆಂಡಾಲು, ಮದುವೆ ಮನೆ, ರಾಮನವಮಿ, ಎಲ್ಲಿಗೆ ಕರೆದರೂ "ಅಕ್ಕ ತಂಗಿ" ಅಂತಲೇ ಕರೆಯುತ್ತಿದ್ದರು. ಅಕ್ಕನದು ಮೇಲಕ್ಕೆ ಸಲೀಸಾಗಿ ಹೋಗುವ, ಗಂಟೆಯಂಥ ಕಂಠ. ನನ್ನದು ತಗ್ಗು. ಮೇಷ್ಟ್ರದು ಒಂದೇ ಮಾತು: ಎರಡು ಬಾಯಿ ಇರಬಹುದು, ದನಿ ಒಂದೇ ಇರಬೇಕು. ಹಾಗಾಗಿ ನನ್ನ ಕೆಲಸವೆಲ್ಲ ಅಕ್ಕನ ದನಿಯೊಳಗೆ ನನ್ನದು ಕಾಣದ ಹಾಗೆ ಸೇರಿಸುವುದು. ಅದನ್ನು ಚೆನ್ನಾಗಿ ಕಲಿತೆ.

ನಾನು ಪಿಯುಸಿಯಲ್ಲಿದ್ದಾಗ ಸೋದರಮಾವ ಒಂದು ಕ್ಯಾಸೆಟ್ ತಂದುಕೊಟ್ಟರು. ಈ ಇಬ್ಬರ ಜನಪ್ರಿಯ ಹಾಡುಗಳನ್ನು ಒಟ್ಟುಮಾಡಿ 1972ರಲ್ಲಿ ಬಂದ ಸಂಗ್ರಹ. ಮೊದಲ ಸಲ ಕೇಳಿದಾಗ ಇಬ್ಬರೂ ಅಪಸ್ವರ ಹಾಡುತ್ತಿದ್ದಾರೆ ಅನ್ನಿಸಿತ್ತು. ಒಬ್ಬ ಷಡ್ಜದಲ್ಲಿದ್ದರೆ ಇನ್ನೊಬ್ಬ ಗಾಂಧಾರದಲ್ಲಿ! ಸಾಹಿತ್ಯ ಒಂದೇ, ಉಸಿರು ಒಂದೇ, ಸ್ವರ ಮಾತ್ರ ಬೇರೆ. ಇದರಲ್ಲಿ ನಿಜವಾದ ಹಾಡು ಯಾವುದು, ಮೇಲಿನದೋ ಕೆಳಗಿನದೋ? ಅಕ್ಕ ನಾಲ್ಕು ನಿಮಿಷ ಕೇಳಿ ಎದ್ದು ಹೋದಳು. ನಾನು ಕೆಳಗಿನ ದನಿಯನ್ನೇ ಹಿಂಬಾಲಿಸುತ್ತಾ ಕೂತೆ. ಎರಡನೇ ದನಿಗೂ ತನ್ನದೇ ದಾರಿ ಇರಬಹುದು ಅಂತ ನನಗೆ ಮೊದಲು ತೋರಿಸಿದ್ದು ಆ ಕ್ಯಾಸೆಟ್.

ಆ ಸಂಗ್ರಹವನ್ನು ಬಿಟ್ಟರೆ ಅವರ ಆಲ್ಬಂಗಳನ್ನು ಇಡಿಯಾಗಿ ಕೇಳಿದವಳಲ್ಲ ನಾನು. ಐದೂ ಸೇರಿದರೆ ಎರಡೂವರೆ ಗಂಟೆಯ ಚಿಲ್ಲರೆ ಅಷ್ಟೆ. ಹೊರಗೆ ಹಿಮ ಬೀಳುತ್ತಿತ್ತು. ತಿಂಡಿ ಮುಗಿಸಿ, ಟರ್ನ್‌ಟೇಬಲ್ ಒರೆಸಿ, ಬಂದ ವರ್ಷಗಳ ಕ್ರಮದಲ್ಲೇ ಹಾಕಲು ಕೂತೆ.

ಮೊದಲನೆಯದು 'ವೆಡ್ನೆಸ್‌ಡೇ ಮಾರ್ನಿಂಗ್, 3 ಎ.ಎಂ.', 1964ರದು. ಹೊದಿಕೆಯ ಮೇಲಿನ ಚಿತ್ರ ನೋಡಿ ನಕ್ಕುಬಿಟ್ಟೆ. ಮ್ಯಾನ್‌ಹಟನ್ನಿನ ಫಿಫ್ತ್ ಅವೆನ್ಯೂ-53ನೇ ಬೀದಿಯ ಸಬ್‌ವೇ ನಿಲ್ದಾಣ, ನಾನು ದಿನಾ ಆಫೀಸಿಗೆ ಇಳಿಯುವ ಪ್ಲಾಟ್‌ಫಾರ್ಮು! ಇದೇ ಕ್ವೀನ್ಸ್‌ನ ಹುಡುಗರು ಅವರು. ಇಲ್ಲಿಗೆ ಹತ್ತಿರದ ಶಾಲೆಯೊಂದರ ಮಕ್ಕಳ ನಾಟಕದಲ್ಲಿ ಸೈಮನ್ ಮೊಲವಾಗಿ, ಗಾರ್ಫಂಕೆಲ್ ಬೆಕ್ಕಾಗಿ ಪಾತ್ರ ಹಾಕಿದಾಗ ಪರಿಚಯವಾದವರು. ಹದಿನಾರರ ವಯಸ್ಸಿಗೆ 'ಟಾಮ್ ಅಂಡ್ ಜೆರ್ರಿ' ಅಂತ ಹೆಸರಿಟ್ಟುಕೊಂಡು ಒಂದು ರೆಕಾರ್ಡನ್ನೂ ತಂದಿದ್ದರು. ಟೀಚರ್ ಓದಿದ್ದು ಅವರಿಬ್ಬರೂ ಓದಿದ ಫಾರೆಸ್ಟ್ ಹಿಲ್ಸ್ ಹೈಸ್ಕೂಲಿನಲ್ಲೇ, ಅವರು ಮುಗಿಸಿ ಹೋದ ಕೆಲವು ವರ್ಷಗಳ ಮೇಲೆ.

ಈ ಮೊದಲ ಆಲ್ಬಂನಲ್ಲಿ ಎರಡು ಕಂಠ ಮತ್ತು ಗಿಟಾರು ಬಿಟ್ಟರೆ ಹೆಚ್ಚೇನಿಲ್ಲ. ಬಂದಾಗ ಯಾರೂ ಕೊಳ್ಳಲಿಲ್ಲ. ಬೇಸತ್ತು ಸೈಮನ್ ಇಂಗ್ಲೆಂಡಿಗೆ ಹೋದರು, ಗಾರ್ಫಂಕೆಲ್ ಕಾಲೇಜಿಗೆ ಮರಳಿದರು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದರಲ್ಲಿದ್ದ 'ದಿ ಸೌಂಡ್ ಆಫ್ ಸೈಲೆನ್ಸ್' ಹಾಡಿಗೆ ನಿರ್ಮಾಪಕ ಟಾಮ್ ವಿಲ್ಸನ್ 1965ರಲ್ಲಿ ಇವರಿಬ್ಬರಿಗೂ ತಿಳಿಸದೆ ಎಲೆಕ್ಟ್ರಿಕ್ ಗಿಟಾರು, ಬಾಸ್, ಡ್ರಮ್ ಸೇರಿಸಿ ಬಿಡುಗಡೆ ಮಾಡಿಸಿದರು. 1966ರ ಜನವರಿಗೆ ಅದು ಅಮೆರಿಕದ ಒಂದನೇ ನಂಬರ್ ಹಾಡು. ಸೈಮನ್ ಓಡಿ ಬಂದರು. ಅದೇ ತಿಂಗಳು ಎರಡನೇ ಆಲ್ಬಂ 'ಸೌಂಡ್ಸ್ ಆಫ್ ಸೈಲೆನ್ಸ್' ಹೊರಬಿತ್ತು.

ಒಂದೇ ಹಾಡನ್ನು ಎರಡು ರೆಕಾರ್ಡಿನಲ್ಲೂ ಹಿಂದೆಮುಂದೆ ಮಾಡಿ ಮೂರು ಸಲ ಕೇಳಿದೆ. ತಾಳ ಹಾಕಿಕೊಂಡು ಬೆಳೆದ ಕಿವಿ ನನ್ನದು. ಆ ಇಬ್ಬರೂ ಯಾವ ತಾಳವಾದ್ಯವೂ ಇಲ್ಲದೆ, ಒಬ್ಬರ ಉಸಿರನ್ನು ಒಬ್ಬರು ಗಮನಿಸುತ್ತಾ, ಅಲ್ಲಲ್ಲಿ ಕೊಂಚ ಎಳೆಯುತ್ತಾ ಹಾಡಿದ್ದಾರೆ. ಮೇಲಿಂದ ಕೂರಿಸಿದ ಡ್ರಮ್ಮು ಆ ಎಳೆತಕ್ಕೆ ಹೊಂದಿಕೊಳ್ಳಲು ಹೆಣಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಲೋಕ ಮೆಚ್ಚಿದ್ದು ಡ್ರಮ್ಮಿನದನ್ನು. ನನಗೆ ಬರೀ ಕಂಠದ್ದೇ ಇಷ್ಟ. ಆದರೂ ಆ ಮೊದಲ ಆಲ್ಬಂ ಪೂರ್ತಿ ನಿಲ್ಲುವುದಿಲ್ಲ. ಬೇರೆಯವರ ಹಾಡು ಬಹಳ, ಅವರು ಇನ್ನೂ ತಮ್ಮ ಧಾಟಿ ಹುಡುಕುತ್ತಿದ್ದಾರೆ. ಎರಡೂ ಪಕ್ಕಕ್ಕಿಟ್ಟೆ.

ಮೂರನೆಯದು 'ಪಾರ್ಸ್ಲಿ, ಸೇಜ್, ರೋಸ್ಮರಿ ಅಂಡ್ ಥೈಮ್', ಅದೂ 1966ರದೇ. ಮೊದಲ ಹಾಡೇ ಹಳೇ ಇಂಗ್ಲಿಷ್ ಜನಪದ ಗೀತೆ. ಅದರ ಕೆಳಗೆ ಯುದ್ಧದ ಬಗೆಗಿನ ಇನ್ನೊಂದು ಹಾಡನ್ನು ಹೆಣೆದು ಎರಡನ್ನೂ ಒಟ್ಟಿಗೇ ಹಾಡುತ್ತಾರೆ. ಕೊನೆಯದರಲ್ಲಿ ಕ್ರಿಸ್‌ಮಸ್ ಜೋಗುಳ ಮೆಲ್ಲಗೆ ಸಾಗುತ್ತಿರುವಾಗ ಹಿಂದಿನಿಂದ ರೇಡಿಯೋ ವಾರ್ತೆ ಓದುವವನ ದನಿ ಏರುತ್ತಾ ಬರುತ್ತದೆ. ವಿಯೆಟ್ನಾಂ, ಕೊಲೆ, ಮೆರವಣಿಗೆ. ಅದು ಮುಗಿದಾಗ ನಮ್ಮವರು ಅಡುಗೆಮನೆಯಿಂದ ಚಾಕು ಹಿಡಿದುಕೊಂಡೇ ಬಂದು, "ಇದೇನಿದು, ಟಿವಿ ಹಾಕಿದ್ಯಾ?" ಅಂದರು. ಈ ಆಲ್ಬಂ ಬಹಳ ಚೆಂದ. ನೋಡಿ ಬೆರಗಾಗುವ ಕುಸುರಿ ಕೆಲಸ. ಬೆರಗಾದೆ, ಹತ್ತಿರವಾಗಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ನಾಲ್ಕನೆಯದು, 'ಬುಕ್‌ಎಂಡ್ಸ್', 1968ರ ಏಪ್ರಿಲ್. ಹೊದಿಕೆಗೆ ರಿಚರ್ಡ್ ಅವೆಡನ್ ತೆಗೆದ ಕಪ್ಪುಬಿಳುಪು ಫೋಟೋ. ಇಬ್ಬರೂ ನಗುತ್ತಿಲ್ಲ. ಮುಳ್ಳು ಇಳಿಸುತ್ತಿದ್ದ ಹಾಗೇ ಚರಚರ ಸದ್ದು. ಒಲೆಯ ಮೇಲೆ ಸಾಸಿವೆ ಸಣ್ಣಗೆ ಸಿಡಿಯುತ್ತದಲ್ಲ, ಹಾಗೆ. ಉಳಿದ ಮೂರರಲ್ಲಿ ಇಷ್ಟಿರಲಿಲ್ಲ.

ಇದರ ಮೊದಲ ಮುಖ ಒಂದೇ ಉಸಿರಿನ ರಚನೆ. ಹುಡುಗುತನದಿಂದ ಮುಪ್ಪಿನವರೆಗೆ ಒಂದು ಆಯುಷ್ಯವನ್ನು ಕಾಲು ಗಂಟೆಯೊಳಗೆ ದಾಟಿಸುತ್ತಾರೆ. ಒಂದು ಪುಟ್ಟ ಗಿಟಾರ್ ರಾಗದಿಂದ ಶುರು. ಆಮೇಲೆ ಕಟ್ಟಡದ ಅಂಚಿನಲ್ಲಿ ನಿಂತ ಹುಡುಗ, ಬಸ್ಸಿನಲ್ಲಿ ದೇಶ ಹುಡುಕಿಕೊಂಡು ಹೊರಟ ಪ್ರೇಮಿಗಳು, ಪ್ರೀತಿ ಆರಿಹೋದ ದಂಪತಿ. ಬಸ್ಸಿನ ಆ ಹಾಡು, 'ಅಮೆರಿಕಾ', ಕ್ಯಾಸೆಟ್ಟಿನಲ್ಲಿ ನೂರಾರು ಸಲ ಕೇಳಿದ್ದೆ. ಅದರಲ್ಲಿ ಪ್ರಾಸವೇ ಇಲ್ಲ ಅನ್ನುವುದು ಅವತ್ತು ಹೊಳೆಯಿತು. ಇಬ್ಬರು ಕೂತು ಮಾತಾಡಿಕೊಂಡ ಹಾಗಿದೆ, ಆದರೂ ಹಾಡು.

ದಂಪತಿಯದೂ ಮುಗಿದ ಮೇಲೆ ಹಾಡು ನಿಂತುಹೋಗುತ್ತದೆ. ಬರೀ ಮಾತು. ಗಾರ್ಫಂಕೆಲ್ ಟೇಪ್ ರೆಕಾರ್ಡರ್ ಹಿಡಿದುಕೊಂಡು ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸಿನ ವೃದ್ಧಾಶ್ರಮಗಳಿಗೆ ಹೋಗಿ ಮುದುಕ ಮುದುಕಿಯರ ಮಾತು ಹಿಡಿದು ತಂದಿದ್ದರು. ಎರಡು ನಿಮಿಷ ಅದೇ. ಯಾರೋ ಕೆಮ್ಮುತ್ತಾರೆ. ಕೈಲಿ ಹೆಚ್ಚೇನೂ ಇಲ್ಲದ ಒಬ್ಬರು, ಒಂದು ಹಳೇ ಫೋಟೋ ಸಿಗುವುದಾದರೆ ನೂರು ಡಾಲರ್ ಕೊಟ್ಟೇನು ಅನ್ನುತ್ತಾರೆ. ಪಾಪ, ಎಷ್ಟೋ ಮಾತು ಅರ್ಥವೇ ಆಗುವುದಿಲ್ಲ, ನುಂಗಿಹೋಗಿದೆ. ಕ್ಯಾಸೆಟ್ಟಿನ ಸಂಗ್ರಹದಲ್ಲಿ ಇದನ್ನು ಸೇರಿಸಿರಲಿಲ್ಲ. ಜನಪ್ರಿಯ ಹಾಡುಗಳ ಪಟ್ಟಿಗೆ ಇದು ಸೇರುವುದಾದರೂ ಹೇಗೆ? ಆದರೆ ಇದನ್ನು ದಾಟಿ ಬಂದರೆ ಮಾತ್ರ ಮುಂದಿನ ಹಾಡು ತಟ್ಟುತ್ತದೆ. ಪಾರ್ಕಿನ ಬೆಂಚಿನ ಮೇಲೆ ಇಬ್ಬರು ಮುದಿ ಗೆಳೆಯರು. ಎಪ್ಪತ್ತಾಗುವುದು ಹೇಗಿರುತ್ತದೋ ಅಂತ ಬೆರಗುಪಡುವ ಆ ಹಾಡು ಬರೆಯುವಾಗ ಸೈಮನ್‌ಗೆ ಇಪ್ಪತ್ತಾರರ ಆಸುಪಾಸು. ಈಗ ಇಬ್ಬರಿಗೂ ಎಂಬತ್ತು ದಾಟಿದೆ. ಕೊನೆಗೆ ಆರಂಭದ ಪುಟ್ಟ ರಾಗವೇ ಮರಳಿ ಬರುತ್ತದೆ, ಈ ಸಲ ಎರಡೂ ದನಿ ಸೇರಿ, ಒಂದೇ ಒಂದು ಚರಣ.

ಮುಳ್ಳು ಎತ್ತಿ ಸುಮ್ಮನೆ ಕೂತೆ. ಎರಡನೇ ಮುಖ ಹಾಕಿದರೆ ಚರಚರ ಸದ್ದೇ ಇಲ್ಲ, ಹೊಸದರ ಹಾಗೆ ಹಾಡುತ್ತಿದೆ. ಬೆಳಕಿಗೆ ಹಿಡಿದು ನೋಡಿದೆ. ಮೊದಲ ಮುಖದಲ್ಲಿ ಕೂದಲೆಳೆಯ ಗೀರುಗಳು ನೂರಾರು, ಎರಡನೆಯದು ಕನ್ನಡಿ. ಟೀಚರ್ ವರ್ಷಗಟ್ಟಲೆ ಈ ಒಂದೇ ಮುಖವನ್ನು ಹಾಕಿಕೊಂಡು ಕೂತಿದ್ದಾರೆ!

ಐದನೆಯದು 'ಬ್ರಿಜ್ ಓವರ್ ಟ್ರಬಲ್ಡ್ ವಾಟರ್', 1970ರ ಜನವರಿ. ಇದಕ್ಕೆ ನಾನು ಏನು ಹೇಳಿದರೂ ಕಡಿಮೆಯೇ. ಮರುವರ್ಷದ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ, ವರ್ಷದ ಹಾಡು, ವರ್ಷದ ರೆಕಾರ್ಡು ಎಲ್ಲ ಇದಕ್ಕೇ. 'ದಿ ಬಾಕ್ಸರ್' ಒಂದನ್ನೇ ಮುದ್ರಿಸಲು ನೂರು ಗಂಟೆಗೂ ಮೀರಿ ಹಿಡಿಯಿತು. ಶೀರ್ಷಿಕೆ ಹಾಡು ಬಂದಾಗ ನಮ್ಮವರು ಸೊಪ್ಪು ಬಿಡಿಸುವುದನ್ನು ಬಿಟ್ಟು ಬಂದು ಸೋಫಾದ ತುದಿಯಲ್ಲಿ ಕೂತರು. ಮುಗಿದ ಮೇಲೆ, "ಇದೇ ಕಣೆ, ಇನ್ನೇನು ಯೋಚನೆ?" ಅಂದರು.

ನನಗೂ ಕಣ್ಣು ತುಂಬಿತ್ತು. ಹೊದಿಕೆಯೊಳಗೆ ಸೇರಿಸಿ ಬಾಗಿಲ ಪಕ್ಕ ತೆಗೆದಿಟ್ಟೂ ಆಯಿತು. ಆದರೆ ಕಾಫಿ ಕುಡಿಯುತ್ತಾ ಕೂತಾಗ ಏನೋ ಕೊರೆಯಲು ಶುರುವಾಯಿತು. ಆ ಹಾಡನ್ನು ಬರೆದವರು ಸೈಮನ್. ಇದು ನಿನ್ನ ಕಂಠಕ್ಕೇ ಸರಿ ಅಂತ ಗೆಳೆಯನಿಗೆ ಕೊಟ್ಟವರೂ ಅವರೇ. ಪಿಯಾನೋದ ಜೊತೆ ಗಾರ್ಫಂಕೆಲ್ ಒಬ್ಬರೇ ಹಾಡುತ್ತಾರೆ. ಮೂರನೇ ಚರಣಕ್ಕೆ ಬಂದಾಗಷ್ಟೇ ಸೈಮನ್ನರ ದನಿ ಕೆಳಗಿನಿಂದ ಸೇರುತ್ತದೆ. ವೇದಿಕೆಯ ಮೇಲೆ ಆ ಹಾಡಿಗೆ ಚಪ್ಪಾಳೆಯ ಮಳೆ ಸುರಿಯುವಾಗ ಮರೆಯಲ್ಲಿ ನಿಂತು, ಅದು ನನ್ನ ಹಾಡು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ ಎಂದು ಮುಂದೆ ಅವರು ಹೇಳಿಕೊಂಡಿದ್ದಾರೆ. ಅದೇ ಆಲ್ಬಂನಲ್ಲಿ ಇನ್ನೊಂದು ಹಾಡಿದೆ. ಸಿನಿಮಾ ಚಿತ್ರೀಕರಣಕ್ಕೆಂದು ಗಾರ್ಫಂಕೆಲ್ ಮೆಕ್ಸಿಕೋಗೆ ಹೋದಾಗ ನ್ಯೂಯಾರ್ಕಿನಲ್ಲಿ ಒಂಟಿಯಾದ ಸೈಮನ್ ಬರೆದದ್ದು. ಆಲ್ಬಂ ಬಂದ ವರ್ಷವೇ ಇಬ್ಬರೂ ಬೇರೆಯಾದರು. ಆ ಕಾಲದ ಅವರ ಕೊನೆಯ ಕಛೇರಿ ನಡೆದದ್ದು ನಮ್ಮ ಮನೆಯಿಂದ ನಡೆದು ಹೋಗಬಹುದಾದ ಫಾರೆಸ್ಟ್ ಹಿಲ್ಸ್‌ನ ಟೆನಿಸ್ ಸ್ಟೇಡಿಯಂನಲ್ಲಿ, 1970ರ ಜುಲೈನಲ್ಲಿ.

ಅಷ್ಟು ಸುಂದರವಾದ ಆಲ್ಬಂ ಪೂರ್ತಿ ಇಬ್ಬರು ದೂರ ಸರಿಯುತ್ತಿರುವ ಸದ್ದೇ ನನಗೆ ಕೇಳಿಸತೊಡಗಿತು. ಮರೆಯಲ್ಲಿ ನಿಂತು ಕೇಳುವುದು ಹೇಗಿರುತ್ತದೆಂದು ನನಗೆ ಗೊತ್ತು. ಹತ್ತೊಂಬತ್ತನೇ ವಯಸ್ಸಿಗೆ, ಒಂದು ಕಛೇರಿಯಾದ ಮೇಲೆ ಜನ ಅಕ್ಕನನ್ನು ಮುತ್ತಿಕೊಂಡಾಗ ನಾನು ಶ್ರುತಿಪೆಟ್ಟಿಗೆ ಎತ್ತಿಕೊಂಡು ಹೊರಗೆ ಆಟೋ ಹಿಡಿಯಲು ಹೋಗಿದ್ದೆ. ಆಮೇಲೆ ಪರೀಕ್ಷೆ ಅಂದೆ, ಗಂಟಲು ಅಂದೆ, ಮದುವೆ ಅಂದೆ. ಜಗಳವೇನೂ ಆಗಲಿಲ್ಲ. ಹಾಡುವುದು ನಿಂತಿತು, ಅಷ್ಟೆ. ಅಕ್ಕ ಒಮ್ಮೆಯೂ ಯಾಕೆ ಅಂತ ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಬಾಗಿಲ ಪಕ್ಕ ಇಟ್ಟಿದ್ದನ್ನು ವಾಪಸು ತಂದು 'ಬುಕ್‌ಎಂಡ್ಸ್'ನ ಮೊದಲ ಮುಖವನ್ನು ಮತ್ತೆ ಹಾಕಿದೆ. ಆಮೇಲೆ ಇನ್ನೊಮ್ಮೆ. ಟೀಚರ್ ಹಾಕಿಕೊಂಡ ಹಾಗೇ.

ಏಳು ಗಂಟೆಗೆ ಕೆಳಗೆ ಹೋದೆ. ಮನೆ ಪೂರ್ತಿ ರಟ್ಟಿನ ಡಬ್ಬಗಳು. ನಾಲ್ಕು ರೆಕಾರ್ಡು ಮೇಜಿನ ಮೇಲಿಟ್ಟು, 'ಬುಕ್‌ಎಂಡ್ಸ್' ಒಂದನ್ನು ಕೈಯಲ್ಲೇ ಹಿಡಿದು ನಿಂತೆ. "ಇದು ಬೇಕು. ಆದರೆ ಇದು ನಿಮಗೇ ಇಷ್ಟವಾದದ್ದು, ನನಗೆ ಗೊತ್ತಾಯಿತು. ತಗೊಳ್ಳೋಕೆ ಮನಸ್ಸು ಬರ್ತಿಲ್ಲ," ಅಂದೆ.

ಹೇಗೆ ಗೊತ್ತಾಯಿತು ಅಂದರು. ಗೀರು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ದೀಪದ ಕೆಳಗೆ ರೆಕಾರ್ಡನ್ನು ಓರೆಮಾಡಿ ಬಹಳ ಹೊತ್ತು ನೋಡಿದರು. "ಇದನ್ನ ಕೊಂಡಾಗ ನನಗೆ ಇಪ್ಪತ್ತು. ಎಪ್ಪತ್ತು ಅಂದರೆ ಬೇರೆ ಯಾರಿಗೋ ಆಗೋ ವಯಸ್ಸು ಅಂದುಕೊಂಡಿದ್ದೆ," ಅಂದರು. ಆಮೇಲೆ ಹೊದಿಕೆಯೊಳಗೆ ಸೇರಿಸಿ, ನನ್ನ ಕಂಕುಳಲ್ಲಿ ತಾವೇ ಸಿಕ್ಕಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲ ತನಕ ಬಂದರು.

ಎಂಟೂವರೆಗೆ ಅಕ್ಕನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಏಳು ಗಂಟೆ. "ಇಷ್ಟು ಬೇಗ? ಎಲ್ಲಾ ಚೆನ್ನಾಗಿದ್ದೀರ ತಾನೆ?" ಅಂತ ಗಾಬರಿಯಾದಳು. ಒಂದು ಹಾಡು ಕೇಳಿಸ್ತೀನಿ, ಒಂದೂವರೆ ನಿಮಿಷದ್ದು, ಎದ್ದು ಹೋಗಬೇಡ ಅಂದೆ. ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ಮುಖದ ಕೊನೆಯ ಹಾಡಿಗೆ ಮುಳ್ಳು ಇಳಿಸಿದೆ.

ಮುಗಿದ ಮೇಲೆ ಆ ಕಡೆ ಕುಕ್ಕರ್ ಕೂಗಿತು. ಅವಳು ಅದನ್ನು ಆರಿಸಿ ಬಂದಳು.

"ಆ ಕೆಳಗಿಂದ ಬರುತ್ತಲ್ಲ, ಅದು ಯಾರದು?"

"ಬರೆದವರದು."

"ಇನ್ನೊಂದ್ಸಲ ಹಾಕು."

ಹಾಕಿದೆ. ಮೂರನೇ ಸಲಕ್ಕೆ ಅವಳು ಸಣ್ಣಗೆ ಗುನುಗಲು ಶುರು ಮಾಡಿದಳು. ಮೇಲಿನದನ್ನಲ್ಲ, ಕೆಳಗಿನದನ್ನು. ಒಂದು ಕಡೆ ಜಾರಿದಳು, ತಿದ್ದಿಕೊಂಡಳು. "ನೀನು ಮೇಲಿಂದು ಹಿಡ್ಕೊ," ಅಂದಳು. ಅವಳ ದನಿ ಫೋನಿನಲ್ಲಿ ಅರೆಕ್ಷಣ ತಡವಾಗಿ ಬರುತ್ತಿತ್ತು. ನಾನು ಆ ಅರೆಕ್ಷಣ ಕಾದು ಎತ್ತಿಕೊಂಡೆ.